ಹಳೆಯ ಗಾಡಿಗೆ ಟರ್ಬೊ: ತೊಂದರೆಯ ಮೂಲ ಎಲ್ಲಿ, ಪರಿಹಾರ ಹೇಗೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳ ರಸ್ತೆಗಳಲ್ಲಿ ಹಳೆಯ ಜೀಪುಗಳಿಗೆ ಇಂದಿಗೂ ಬಿಡುವು ದೊರೆತಿಲ್ಲ. ತಂಬಾಕಿನ ಬೇಲುಗಳನ್ನು ಹರಾಜು ಮಾರುಕಟ್ಟೆಗೆ ಸಾಗಿಸಲು, ಶುಂಠಿ ಹೊಲಕ್ಕೆ ಗೊಬ್ಬರ ಒಯ್ಯಲು, ಮನೆಮಂದಿಯನ್ನು ಜಾತ್ರೆಗೆ ಕರೆದೊಯ್ಯಲು ಒಂದೇ ಗಾಡಿ ಸಾಕೆಂಬ ಕುಟುಂಬಗಳು ಇಲ್ಲಿ ವಿರಳವಲ್ಲ. ಈ ಗಾಡಿಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಏರಿನಲ್ಲಿ ಎಳೆಯುವುದಿಲ್ಲ. ಕುಶಾಲನಗರ ದಾಟಿ ಸುಂಟಿಕೊಪ್ಪದ ಮೂಲಕ ಮಡಿಕೇರಿಯತ್ತ ಹೊರೆ ಸಹಿತ ಏರುವಾಗ ಎರಡನೇ ಗೇರಿಗೆ ಇಳಿಯುವ ಜೀಪಿನ ಮಾಲೀಕರಿಗೆ ಗ್ಯಾರೇಜುಗಳಲ್ಲಿ ದೊರೆಯುವ ಸಲಹೆಗಳಲ್ಲಿ ಟರ್ಬೊಚಾರ್ಜರ್ ಅಳವಡಿಕೆಯೂ ಒಂದು.

ಗುಜರಿಯಿಂದ ತಂದ ಟರ್ಬೊ ಒಂದು ದಿನದಲ್ಲಿ ಕೂರುತ್ತದೆ. ಮೊದಲ ವಾರ ಗಾಡಿ ಹೊಸ ಜೀವ ಪಡೆದಂತೆ ಓಡುತ್ತದೆ. ತೊಂದರೆಗಳು ಕಾಣಿಸಿಕೊಳ್ಳುವುದು ಆ ಬಳಿಕ. ನೀಲಿ ಹೊಗೆ, ಆಯಿಲ್ ಸೋರಿಕೆ, ಅತಿಯಾದ ಬಿಸಿ, ಕೊನೆಗೆ ಒಡೆದ ಪಿಸ್ಟನ್. ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಕಾಕನಕೋಟೆಯ ಕಾಡಿನ ನಡುವೆ ಗಾಡಿ ನಿಂತರೆ ಅದು ಕೇವಲ ರಿಪೇರಿಯ ಪ್ರಶ್ನೆಯಲ್ಲ. ಒಂದು ಕಾಲಕ್ಕೆ ಖೆಡ್ಡಾಗಳಿಗೆ ಹೆಸರಾಗಿದ್ದ ಈ ಕಾಡು ಇಂದಿಗೂ ಆನೆಗಳ ಬೀಡು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಈ ದಾರಿಯಲ್ಲಿ ವಾಹನ ಸಂಚಾರಕ್ಕೆ ಅವಕಾಶವಿಲ್ಲ. ಗೇಟು ಮುಚ್ಚುವ ಹೊತ್ತಿಗೆ ಗಾಡಿ ನಡುದಾರಿಯಲ್ಲಿ ಕೆಟ್ಟರೆ ಒಳಗಿರುವವರ ಜೀವಕ್ಕೇ ಸಂಚಕಾರ.

ಹಳೆಯ ವಾಹನಕ್ಕೆ ಟರ್ಬೊ ಸೇರಿಸಿದ ಬಳಿಕ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಟರ್ಬೊದಲ್ಲಿ ಹುಟ್ಟುವಂಥವಲ್ಲ. ಎಂಜಿನ್ನಿನಲ್ಲಿ ಮೊದಲೇ ಅಡಗಿದ್ದ ಸವಕಳಿಯನ್ನು ಹೆಚ್ಚುವರಿ ಒತ್ತಡವು ಹೊರಗೆಳೆಯುತ್ತದೆ, ಅಷ್ಟೆ. ಆದಕಾರಣ ದೋಷ ಹುಡುಕುವ ಕೆಲಸ ಎಂಜಿನ್ನಿನಿಂದ ಆರಂಭವಾಗಬೇಕೇ ಹೊರತು ಟರ್ಬೊ ಬದಲಾಯಿಸುವುದರಿಂದಲ್ಲ.

ಟರ್ಬೊ ಮಾಡುವ ಕೆಲಸ

ಸೈಲೆನ್ಸರಿನ ಮೂಲಕ ಹೊರಹೋಗುವ ಬಿಸಿ ಹೊಗೆಯ ಬಲದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತರೆ ಹೆಚ್ಚು ಇಂಧನವನ್ನು ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ ಈ ತತ್ತ್ವ ಇಂದಿಗೂ ಬದಲಾಗಿಲ್ಲ. ಚಿಕ್ಕ ಕಾರುಗಳ ಟರ್ಬೊ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ತೇಲಿಸಿ ಹಿಡಿದಿರುವುದು ಎಂಜಿನ್ ಆಯಿಲ್‌ನ ತೆಳುಪದರ ಮಾತ್ರ.

ಸಮುದ್ರಮಟ್ಟದಿಂದ ಸುಮಾರು 700ರಿಂದ 900 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 8ರಿಂದ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಲ್ಲಿ ತೋರುವ ಎಳೆತವನ್ನು ಮಡಿಕೇರಿಯಲ್ಲಿ ತೋರದಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಟರ್ಬೊದ ಆಸೆ ಅಸಹಜವೇನಲ್ಲ.

ಕಾರ್ಖಾನೆ ಮಾಡುವುದು, ಗ್ಯಾರೇಜು ಬಿಡುವುದು

ಟಾಟಾ ಇಂಡಿಕಾದ 1405 ಸಿಸಿ ಡೀಸೆಲ್ ಎಂಜಿನ್ 1998ರಲ್ಲಿ ಟರ್ಬೊ ಇಲ್ಲದೆಯೇ ಬಂದಿತು. ಕೆಲವು ವರ್ಷಗಳ ಬಳಿಕ ಅದೇ ಅಳತೆಯ ಎಂಜಿನ್ ಟರ್ಬೊ ಸಹಿತ ಮಾರುಕಟ್ಟೆಗೆ ಬಂದಿತು. 2000ದಲ್ಲಿ ಬಿಡುಗಡೆಯಾದ ಮಹೀಂದ್ರ ಬೊಲೆರೊಗೂ ನಂತರದ ವರ್ಷಗಳಲ್ಲಿ 2523 ಸಿಸಿಯ ಟರ್ಬೊ ಡೀಸೆಲ್ ಎಂಜಿನ್ ದೊರೆಯಿತು. ಕಾರ್ಖಾನೆಗೆ ಸಾಧ್ಯವಾದದ್ದು ತಮಗೇಕಾಗದು ಎಂಬ ಪ್ರಶ್ನೆ ಮೆಕ್ಯಾನಿಕ್‌ಗಳಲ್ಲಿ ಮೂಡುವುದು ಸಹಜ.

ಆದರೆ ಕಾರ್ಖಾನೆ ಟರ್ಬೊ ಒಂದನ್ನೇ ಸೇರಿಸುವುದಿಲ್ಲ. 1978ರಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆ ತನ್ನ ಐದು ಸಿಲಿಂಡರಿನ ಡೀಸೆಲ್ ಎಂಜಿನ್ನಿಗೆ ಟರ್ಬೊ ಅಳವಡಿಸಿದಾಗ, ಪಿಸ್ಟನ್ನಿನ ಅಡಿಭಾಗಕ್ಕೆ ಆಯಿಲ್ ಚಿಮುಕಿಸಿ ತಂಪಾಗಿಸುವ ವ್ಯವಸ್ಥೆಯನ್ನೂ, ಶಾಖ ತಾಳುವ ಸೋಡಿಯಂ ತುಂಬಿದ ಎಕ್ಸಾಸ್ಟ್ ವಾಲ್ವ್‌ಗಳನ್ನೂ ಜೊತೆಗೆ ನೀಡಿತು. ಹೊರಗಿನಿಂದ ನೋಡಿದವರಿಗೆ ಕಂಡದ್ದು ಟರ್ಬೊ. ಎಂಜಿನ್ನನ್ನು ಉಳಿಸಿದ್ದು ಒಳಗಿನ ಬದಲಾವಣೆ.

ಕಾರ್ಖಾನೆಗಳೂ ಎಡವಿದ್ದುಂಟು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಸಂಸ್ಥೆ ಹೊರತಂದ ಜೆಟ್‌ಫೈರ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಅನುಪಾತ 10.25ರಷ್ಟು ಹೆಚ್ಚಾಗಿತ್ತು. ಎಂಜಿನ್ ಕುಟ್ಟದಂತೆ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಸಿಂಪಡಿಸುವ ಏರ್ಪಾಟಿತ್ತು. ಆ ದ್ರವವನ್ನು ತುಂಬಿಸುವುದನ್ನು ಮಾಲೀಕರು ಮರೆಯುತ್ತಿದ್ದರು. ಕೊನೆಗೆ ಅನೇಕ ಕಾರುಗಳಿಂದ ಟರ್ಬೊ ತೆಗೆದು ಸಾಮಾನ್ಯ ಕಾರ್ಬುರೇಟರ್ ಕೂರಿಸಿಕೊಡಬೇಕಾಯಿತು.

ಮೊದಲು ಕಾನೂನು

ಹಣ ಖರ್ಚು ಮಾಡುವ ಮುನ್ನ ಮಾಲೀಕರು ಅರಿಯಬೇಕಾದ ಸಂಗತಿಯೊಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯ ಬಳಿಕ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು 182ಎ ಕಲಂ ಅವಕಾಶ ನೀಡುತ್ತದೆ.

ಹೊಗೆ ತಪಾಸಣೆಯೂ ಇದೆ. ಬಿಎಸ್-4 ಪೂರ್ವದ ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆ 65 ಹಾರ್ಟ್‌ರಿಜ್ ಮಾನವನ್ನು ಮೀರುವಂತಿಲ್ಲ. ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿದ ಗಾಡಿಗಳು ಮೊದಲು ಸಿಕ್ಕಿಬೀಳುವುದು ಇಲ್ಲಿಯೇ. ಅಪಘಾತವಾದಾಗ ವಿಮಾ ಕಂಪನಿಯು ಅಘೋಷಿತ ಮಾರ್ಪಾಡಿನ ಕಾರಣ ಮುಂದಿಟ್ಟು ಪರಿಹಾರಕ್ಕೆ ತಕರಾರು ತೆಗೆಯುವ ಸಾಧ್ಯತೆಯೂ ಇದೆ. ಆದ್ದರಿಂದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಅನುಮತಿ ಪಡೆದ ನಂತರವೇ ಕೆಲಸಕ್ಕೆ ಕೈಹಾಕುವುದು ಕ್ಷೇಮ. ಮುಂದೆ ನೀಡಿರುವ ವಿವರಗಳು ಈಗಾಗಲೇ ಟರ್ಬೊ ಕೂರಿಸಿದ ಗಾಡಿಗಳಿಗೂ, ಕಾರ್ಖಾನೆಯ ಟರ್ಬೊ ಇರುವ ಹಳೆಯ ಗಾಡಿಗಳಿಗೂ ಬಹುಮಟ್ಟಿಗೆ ಸಮಾನವಾಗಿ ಅನ್ವಯಿಸುತ್ತವೆ.

ಎಂಜಿನ್ನಿನ ಆರೋಗ್ಯ ತಪಾಸಣೆ

ಟರ್ಬೊ ಮುಟ್ಟುವ ಮೊದಲು ಮೂರು ಪರೀಕ್ಷೆಗಳು ಕಡ್ಡಾಯ. ಮೊದಲನೆಯದು ಕಂಪ್ರೆಷನ್ ಪರೀಕ್ಷೆ. ಎಲ್ಲ ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಒಂದೇ ಸಮವಾಗಿರಬೇಕು. ಒಂದು ಸಿಲಿಂಡರ್ ಶೇ 10ಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಮೊದಲು ಎಂಜಿನ್ ಕೆಲಸ, ಆ ಮೇಲೆ ಬೇರೆ ಮಾತು.

ಎರಡನೆಯದು ಆಯಿಲ್ ಒತ್ತಡ. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಸೂಚಿ ನೆಲ ಕಚ್ಚುತ್ತಿದ್ದರೆ ಬೇರಿಂಗುಗಳಾಗಲೀ ಆಯಿಲ್ ಪಂಪಾಗಲೀ ಸವೆದಿವೆ ಎಂದರ್ಥ. ಅಂಥ ಎಂಜಿನ್ನಿನಿಂದ ಟರ್ಬೊಗೂ ಆಯಿಲ್ ಹಂಚಿದರೆ ಇಬ್ಬರಿಗೂ ಹೊಟ್ಟೆ ತುಂಬದು.

ಮೂರನೆಯದು ಯಾವ ಉಪಕರಣವೂ ಬೇಡದ ಪರೀಕ್ಷೆ. ಎಂಜಿನ್ ಚಾಲೂ ಇರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ನೋಡಬೇಕು. ಹೊಗೆ ಭುಸುಗುಟ್ಟುತ್ತಾ ಹೊರಬಂದರೆ, ಅಥವಾ ಡಿಪ್‌ಸ್ಟಿಕ್ ತಾನಾಗಿ ಮೇಲೇಳುತ್ತಿದ್ದರೆ, ಸವೆದ ರಿಂಗುಗಳ ಸಂದಿಯಿಂದ ಉರಿದ ಅನಿಲ ಕೆಳಗಿಳಿದು ಆಯಿಲ್ ಕೋಣೆಯಲ್ಲಿ ಒತ್ತಡ ಕಟ್ಟುತ್ತಿದೆ ಎಂದು ತಿಳಿಯಬೇಕು. ಈ ಒತ್ತಡವೇ ಮುಂದೆ ಹಲವು ತೊಂದರೆಗಳ ತಾಯಿಬೇರು.

ಹೊಗೆಯ ಬಣ್ಣ ಹೇಳುವುದೇನು?

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಪಂಪನ್ನು ಮಿತಿಮೀರಿ ತಿರುಗಿಸಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಹೋಸ್ ಎಲ್ಲಿಯಾದರೂ ಬಿರಿದಿರಬಹುದು. ಎಳೆತವೂ ಕುಗ್ಗಿ ಕಪ್ಪು ಹೊಗೆಯೂ ಬರುತ್ತಿದ್ದರೆ ಗಾಳಿ ಸೋರಿಕೆಯನ್ನೇ ಮೊದಲು ಶಂಕಿಸಬೇಕು.

ನೀಲಿ ಹೊಗೆ: ಆಯಿಲ್ ಉರಿಯುತ್ತಿದೆ. ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಹೊಗೆ ಬರುವ ಹೊತ್ತೇ ಸೂಚಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಂದು ನಿಂತರೆ ವಾಲ್ವ್ ಸೀಲುಗಳು ಹೋಗಿರುವ ಸಂಭವ ಹೆಚ್ಚು. ಏರಿನಲ್ಲಿ ಹೊರೆ ಎಳೆಯುವಾಗ ಎಡೆಬಿಡದೆ ಬಂದರೆ ರಿಂಗುಗಳು. ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ನಿಂತು, ಬಳಿಕ ಆಕ್ಸಿಲರೇಟರ್ ಒತ್ತಿದಾಗ ಮೋಡದಂತೆ ಎದ್ದರೆ ಟರ್ಬೊದಿಂದ ಆಯಿಲ್ ಇಳಿಯುವ ಪೈಪಿನಲ್ಲಿ ತಡೆಯಿದೆ.

ಬಿಳಿ ಹೊಗೆ: ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹಾಗೂ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಗುಳ್ಳೆಗಳಿಲ್ಲದೆ ಹಸಿ ಡೀಸೆಲ್ ವಾಸನೆ ಬಂದರೆ ನಾಝಲ್ ಅಥವಾ ಪಂಪಿನ ಟೈಮಿಂಗ್ ಪರೀಕ್ಷಿಸಬೇಕು.

ಆಯಿಲ್ ಬರುವ ದಾರಿ, ಹೋಗುವ ದಾರಿ

ಟರ್ಬೊ ಕೂರಿಸಿದ ಕೆಲವೇ ದಿನಗಳಲ್ಲಿ ಆಯಿಲ್ ಕುಡಿಯತೊಡಗಿದರೆ, ಟರ್ಬೊದ ಸೀಲ್ ಕೆಟ್ಟಿದೆಯೆಂದು ಅದನ್ನೇ ಬದಲಾಯಿಸುವ ವಾಡಿಕೆಯಿದೆ. ಹೊಸದೂ ಹಾಗೆಯೇ ಕುಡಿಯುತ್ತದೆ. ಏಕೆಂದರೆ ಟರ್ಬೊದೊಳಗಿನ ಸೀಲುಗಳು ನಲ್ಲಿಯ ವಾಷರಿನಂತೆ ಆಯಿಲನ್ನು ಕಟ್ಟಿ ನಿಲ್ಲಿಸುವಂಥವಲ್ಲ. ಆಯಿಲ್ ಒತ್ತಡದಿಂದ ಒಳಬಂದು, ನೊರೆಯಾಗಿ, ತನ್ನ ಭಾರದಿಂದಷ್ಟೇ ಕೆಳಗಿಳಿದು ಎಂಜಿನ್ನಿನ ಸಂಪಿಗೆ ಮರಳಬೇಕು. ಮರಳುವ ದಾರಿ ಇಕ್ಕಟ್ಟಾದರೆ ಅದು ಸೀಲು ದಾಟಿ ಸೈಲೆನ್ಸರಿಗೋ ಗಾಳಿಯ ಹೋಸಿಗೋ ನುಗ್ಗುತ್ತದೆ.

ಪರಿಶೀಲಿಸಬೇಕಾದ ಅಂಶಗಳು ಇವು: ಒಳಬರುವ ಪೈಪ್ ಸಣ್ಣದಾಗಿದ್ದರೂ ಇಳಿಯುವ ಪೈಪ್ ಹೆಬ್ಬೆರಳಿನಷ್ಟಾದರೂ ದಪ್ಪವಿರಬೇಕು. ಅದು ಎಲ್ಲಿಯೂ ಮೇಲೆದ್ದು ಬಾಗದೆ, ಆದಷ್ಟು ನೇರವಾಗಿ ಕೆಳಗಿಳಿಯಬೇಕು. ಸಂಪಿನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆಯೇ ಸೇರಬೇಕು. ಫ್ಲಾಂಜ್‌ಗಳಿಗೆ ಗ್ಯಾಸ್ಕೆಟ್ ಬದಲು ಸಿಲಿಕೋನ್ ಪೇಸ್ಟ್ ಬಳಿಯಬಾರದು. ಅದರ ಚೂರು ಕಿತ್ತುಬಂದು ರಂಧ್ರವನ್ನು ಮುಚ್ಚುತ್ತದೆ. ಇವೆಲ್ಲ ಸರಿಯಿದ್ದೂ ಆಯಿಲ್ ಬರುತ್ತಿದ್ದರೆ ಬ್ರೀದರ್ ಪೈಪ್ ಕಟ್ಟಿದೆಯೇ ಎಂದು ನೋಡಬೇಕು. ಆಯಿಲ್ ಕೋಣೆಯಲ್ಲಿ ಒತ್ತಡವಿದ್ದರೆ ಟರ್ಬೊದಿಂದ ಆಯಿಲ್ ಇಳಿಯಲಾರದು.

ಹೊಸದಾಗಿ ಕೂರಿಸಿದ ಟರ್ಬೊಗೆ ಮೊದಲು ಆಯಿಲ್ ರಂಧ್ರದ ಮೂಲಕ ಕೈಯಿಂದ ಆಯಿಲ್ ತುಂಬಿ, ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದು, ಒತ್ತಡ ಬಂದ ನಂತರವೇ ಸ್ಟಾರ್ಟ್ ಮಾಡಬೇಕು. ಏರು ಹತ್ತಿ ಬಂದ ಗಾಡಿಯನ್ನು ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಬೇಕು. ಇಲ್ಲವಾದರೆ ಕಾದ ದಂಡದ ಮೇಲೆ ಆಯಿಲ್ ಸುಟ್ಟು ಕರಕಾಗುತ್ತದೆ. ಹಳೆಯ ಡೀಸೆಲ್ ಎಂಜಿನ್ನಿಗೆ 15ಡಬ್ಲ್ಯು-40 ದರ್ಜೆಯ ಉತ್ತಮ ಡೀಸೆಲ್ ಎಂಜಿನ್ ಆಯಿಲ್ ಬಳಸಿ, 5,000 ಕಿ.ಮೀ.ಗೊಮ್ಮೆ ಫಿಲ್ಟರ್ ಸಹಿತ ಬದಲಾಯಿಸುವುದು ದುಬಾರಿಯೆನಿಸಿದರೂ ಟರ್ಬೊದ ಬೆಲೆಯ ಮುಂದೆ ಅಗ್ಗ.

ಎಳೆತವೇ ಬಾರದಿದ್ದರೆ

ಟರ್ಬೊ ಕೂರಿಸಿಯೂ ವ್ಯತ್ಯಾಸ ಕಾಣದಿದ್ದರೆ ಬೂಸ್ಟ್ ಗೇಜ್ ಒಂದನ್ನು ಅಳವಡಿಸುವುದೇ ಮೊದಲ ಹೆಜ್ಜೆ. ಅದಿಲ್ಲದ ದುರಸ್ತಿ ಕತ್ತಲಲ್ಲಿ ತಡಕಾಡಿದಂತೆ. ಗೇಜ್ ಏರದಿದ್ದರೆ ಗಾಳಿ ಸೋರಿಕೆ ಹುಡುಕಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ, ರೆಗ್ಯುಲೇಟರ್ ಮೂಲಕ ಅರ್ಧ ಬಾರ್‌ಗೆ ಮಿತಿಗೊಳಿಸಿದ ಗಾಳಿಯನ್ನು ಹೋಸ್‌ಗೆ ಹಾಯಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದರೆ ಸೋರುವ ಜಾಗದಲ್ಲಿ ನೊರೆ ಏಳುತ್ತದೆ. ಮಿತಿಯಿಲ್ಲದೆ ಗಾಳಿ ಬಿಡುವುದು ಅಪಾಯಕರ.

ಸೋರಿಕೆ ಇಲ್ಲದಿದ್ದರೆ ವೇಸ್ಟ್‌ಗೇಟ್ ನೋಡಬೇಕು. ಹೆಚ್ಚುವರಿ ಹೊಗೆಯನ್ನು ಪಕ್ಕದಿಂದ ಹೊರಬಿಡುವ ಈ ಕದ ತೆರೆದೇ ಸಿಕ್ಕಿಕೊಂಡಿದ್ದರೆ ಬೂಸ್ಟ್ ಏರುವುದಿಲ್ಲ. ಮುಚ್ಚಿಯೇ ಸಿಕ್ಕಿಕೊಂಡಿದ್ದರೆ, ಅಥವಾ ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪ್ ಹರಿದಿದ್ದರೆ, ಬೂಸ್ಟ್ ಮಿತಿಮೀರಿ ಎಂಜಿನ್ನೇ ಹೋಗುತ್ತದೆ. ಹತ್ತಾರು ರೂಪಾಯಿಯ ಪೈಪು ಲಕ್ಷ ರೂಪಾಯಿಯ ಎಂಜಿನ್ನನ್ನು ಕಾಯುತ್ತಿರುತ್ತದೆ.

ಅಳತೆಯ ತಪ್ಪೂ ಸಾಮಾನ್ಯ. ದೊಡ್ಡ ಲಾರಿಯ ಟರ್ಬೊವನ್ನು ಜೀಪಿಗೆ ಕೂರಿಸಿದರೆ ಅದನ್ನು ತಿರುಗಿಸುವಷ್ಟು ಹೊಗೆ ಈ ಎಂಜಿನ್ನಿನಲ್ಲಿರುವುದಿಲ್ಲ. ಏರು ಮುಗಿದ ಮೇಲೆ ಬೂಸ್ಟ್ ಬರುತ್ತದೆ. ತೀರ ಚಿಕ್ಕ ಟರ್ಬೊ ಹೊಗೆಯ ದಾರಿಯನ್ನೇ ಕಟ್ಟಿಹಾಕುತ್ತದೆ. ಸಮಾನ ಅಳತೆಯ, ಸಮಾನ ವೇಗದ ಎಂಜಿನ್ನಿಗೆ ಕಾರ್ಖಾನೆ ನೀಡಿದ ಟರ್ಬೊವೇ ಉತ್ತಮ ಆಯ್ಕೆ. ಗುಜರಿಯಿಂದ ಕೊಳ್ಳುವಾಗ ದಂಡವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಬೇಕು. ಆ ದಿಕ್ಕಿನಲ್ಲಿ ಆಟ ಕೈಗೆ ತಿಳಿಯಬಾರದು. ಅಕ್ಕಪಕ್ಕಕ್ಕೆ ಅತ್ಯಲ್ಪ ಆಟವಿರಬಹುದು, ಆದರೆ ಚಕ್ರದ ರೆಕ್ಕೆಗಳು ಗೋಡೆಗೆ ತಾಗಬಾರದು.

ಪಂಪಿನ ಸ್ಕ್ರೂ ಮತ್ತು ಶಾಖ

ಡೀಸೆಲ್ ಎಂಜಿನ್ನಿಗೆ ಗಾಳಿ ಹೆಚ್ಚಿಸಿದಷ್ಟರಿಂದಲೇ ಶಕ್ತಿ ಹೆಚ್ಚುವುದಿಲ್ಲ, ಡೀಸೆಲನ್ನೂ ಹೆಚ್ಚಿಸಬೇಕು. ರಾಜ್ಯದ ಹಳೆಯ ವಾಹನಗಳಲ್ಲಿ ಬಹುವಾಗಿ ಕಾಣಸಿಗುವ ಮೈಕೊ ಪಂಪುಗಳು ಬೆಂಗಳೂರಿನದೇ ಕೊಡುಗೆ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರಿನಲ್ಲಿದೆ. ಟರ್ಬೊ ಎಂಜಿನ್ನಿಗೆಂದೇ ರೂಪಿಸಿದ ಪಂಪುಗಳಲ್ಲಿ ಬೂಸ್ಟ್ ಏರಿದಂತೆ ಡೀಸೆಲ್ ಹೆಚ್ಚಿಸುವ ಡಯಾಫ್ರಂ ವ್ಯವಸ್ಥೆ ಇರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನ ಪಂಪಿನಲ್ಲಿ ಅದಿರುವುದಿಲ್ಲ. ಅದರ ಸ್ಕ್ರೂ ತಿರುಗಿಸಿದರೆ ಬೂಸ್ಟ್ ಇರಲಿ ಬಿಡಲಿ, ಡೀಸೆಲ್ ಸುರಿಯುತ್ತಲೇ ಇರುತ್ತದೆ. ಕಪ್ಪು ಹೊಗೆಗೂ ಕರಗಿದ ಪಿಸ್ಟನ್ನಿಗೂ ಇದೇ ರಾಜಮಾರ್ಗ. ಪಂಪನ್ನು ಬೆಂಚಿನ ಮೇಲೆ ಅಳೆದು ಕ್ಯಾಲಿಬ್ರೇಷನ್ ಮಾಡುವ ಕೇಂದ್ರಕ್ಕೆ ಒಯ್ಯುವುದೇ ಸರಿಯಾದ ಕ್ರಮ.

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೀರು ಹಾಗೂ ಆಯಿಲ್ ಶಾಖವನ್ನು ಹೊತ್ತೊಯ್ಯುತ್ತಿರುವುದರಿಂದಷ್ಟೇ ಅದು ಉಳಿದಿರುತ್ತದೆ. ಟರ್ಬೊಗೆ ಪ್ರವೇಶಿಸುವ ಹೊಗೆಯ ಉಷ್ಣಾಂಶ 700 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ನಿಂತರೆ ಹಳೆಯ ಡೀಸೆಲ್ ಎಂಜಿನ್ನಿಗೆ ಗಂಡಾಂತರ. ನೀರಿನ ಬಿಸಿ ತೋರಿಸುವ ಡ್ಯಾಶ್‌ಬೋರ್ಡ್ ಮುಳ್ಳು ಇದನ್ನು ತಿಳಿಸುವುದಿಲ್ಲ. ಮ್ಯಾನಿಫೋಲ್ಡಿಗೆ ಪೈರೋಮೀಟರ್ ಕೂರಿಸುವುದೊಂದೇ ದಾರಿ.

ಇಂಟರ್‌ಕೂಲರ್ ಏಕೆ ಬೇಕೆಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. 30 ಡಿಗ್ರಿಯ ಗಾಳಿಯನ್ನು ಈ ಎತ್ತರದಲ್ಲಿ ಟರ್ಬೊ ಅರ್ಧ ಬಾರ್‌ನಷ್ಟು ಒತ್ತಿದಾಗ ಒತ್ತಡ ಶೇ 55ರಷ್ಟು ಹೆಚ್ಚುತ್ತದೆ. ಆದರೆ ಒತ್ತುವ ಕ್ರಿಯೆಯಲ್ಲೇ ಗಾಳಿ ಸುಮಾರು 90 ಡಿಗ್ರಿಗೆ ಕಾದು ಹಿಗ್ಗುತ್ತದೆ. ಪರಿಣಾಮವಾಗಿ ಎಂಜಿನ್ನಿಗೆ ನಿಜವಾಗಿ ದೊರೆಯುವ ಹೆಚ್ಚುವರಿ ಗಾಳಿ ಶೇ 30ರ ಒಳಗೇ ಉಳಿಯುತ್ತದೆ. ಇಂಟರ್‌ಕೂಲರ್ ಅದನ್ನು 50 ಡಿಗ್ರಿಗೆ ಇಳಿಸಿದರೆ ಶೇ 40ಕ್ಕೂ ಮಿಗಿಲು ದೊರೆಯುತ್ತದೆ. ಬೂಸ್ಟ್ ಏರಿಸದೆಯೇ ಎಳೆತ ಹೆಚ್ಚುತ್ತದೆ, ಎಂಜಿನ್ ತಣ್ಣಗಿರುತ್ತದೆ. ಕಾರ್ಖಾನೆಯ ಪಿಸ್ಟನ್ ಮತ್ತು ಗ್ಯಾಸ್ಕೆಟ್ ಇರುವ ಹಳೆಯ ಎಂಜಿನ್ನಿನಲ್ಲಿ ಬೂಸ್ಟ್ ಅರ್ಧ ಬಾರ್ ದಾಟದಿರುವುದು ಲೇಸು.

ಪೆಟ್ರೋಲ್ ಗಾಡಿಗಳ ಕಥೆ ಬೇರೆ

ಹಳೆಯ ಜಿಪ್ಸಿ, ಅಂಬಾಸಿಡರ್, ಮಾರುತಿ ಕಾರುಗಳಿಗೆ ಟರ್ಬೊ ಸೇರಿಸುವ ಹವ್ಯಾಸಿಗಳೂ ಇದ್ದಾರೆ. ಡೀಸೆಲ್ ಎಂಜಿನ್ ತಪ್ಪನ್ನು ಕೆಲಕಾಲ ಸಹಿಸೀತು. ಪೆಟ್ರೋಲ್ ಎಂಜಿನ್ ಸಹಿಸದು. ಕಿಡಿ ಹಾರಿದ ಬಳಿಕ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ತಾಳದೆ ತಾನಾಗಿ ಸಿಡಿಯುವುದನ್ನು ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಡಬ್ಬಿಯಲ್ಲಿ ಕಲ್ಲು ಅಲುಗಿದಂಥ ಆ ಸದ್ದು ಕೇಳಿದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಬೂಸ್ಟ್ ಇಳಿಸಿ, ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ತಂದು, ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಬಳಸಿ ಮತ್ತೆ ಪರೀಕ್ಷಿಸಬೇಕು.

ಕಾರ್ಬುರೇಟರ್ ಗಾಡಿಗಳಲ್ಲಿ ಇನ್ನೊಂದು ಬಲೆ ಇದೆ. ಹಳೆಯ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಒತ್ತಡ ಸುಮಾರು 0.2ರಿಂದ 0.3 ಬಾರ್ ಮಾತ್ರ. ಟರ್ಬೊದ ಗಾಳಿ 0.4 ಬಾರ್‌ನಲ್ಲಿ ಕಾರ್ಬುರೇಟರಿನೊಳಗೆ ನುಗ್ಗಿದರೆ ಪೆಟ್ರೋಲ್ ಒಳಬರುವ ಬದಲು ನಿಂತೇಬಿಡುತ್ತದೆ. ಶಕ್ತಿ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಇಂಧನ ಬತ್ತಿ ಪಿಸ್ಟನ್ ಸುಡುತ್ತದೆ. ಬೂಸ್ಟ್ ಜೊತೆಗೇ ಏರುವ ರೆಗ್ಯುಲೇಟರ್ ಸಹಿತ ಎಲೆಕ್ಟ್ರಿಕ್ ಪಂಪ್ ಇಲ್ಲಿ ಅನಿವಾರ್ಯ. ಎಂಪಿಎಫ್ಐ ಗಾಡಿಗಳಲ್ಲಿ ಗಾಳಿಯ ಒತ್ತಡ ಅಳೆಯುವ ಮೂಲ ಸೆನ್ಸರ್ ಬೂಸ್ಟನ್ನು ಗುರುತಿಸಲಾರದು. ಕಂಪ್ಯೂಟರ್ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ನೀಡುತ್ತದೆ.

2025ರಿಂದ ದೇಶದಾದ್ಯಂತ ಶೇ 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಬಳಕೆಗೆ ಬಂದಿರುವುದೂ ಗಮನಾರ್ಹ. ಎಥೆನಾಲ್ ನಾಕಿಂಗನ್ನು ತಡೆಯುತ್ತದೆಯಾದರೂ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ. ಹಳೆಯ ಜೆಟ್ಟುಗಳ ಕಾರ್ಬುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳ್ಳಗಾಗುತ್ತದೆ, ಹಳೆಯ ರಬ್ಬರ್ ಪೈಪುಗಳು ಬೇಗ ಕೊಳೆಯುತ್ತವೆ. ಬ್ರೇಕ್ ಬೂಸ್ಟರಿಗೂ ಎಂಜಿನ್ ಬ್ರೀದರಿಗೂ ಟರ್ಬೊದ ಒತ್ತಡ ತಲುಪದಂತೆ ಒಮ್ಮುಖ ವಾಲ್ವ್ ಸರಿಯಿದೆಯೇ ಎಂಬುದನ್ನೂ ನೋಡಬೇಕು. ಬ್ರೇಕ್ ಒಮ್ಮೆಲೇ ಗಟ್ಟಿಯಾಯಿತೆಂದರೆ ಈ ವಾಲ್ವನ್ನು ಮೊದಲು ಪರಿಶೀಲಿಸುವುದು ಅಗತ್ಯ.

ಧೂಳು, ಹಳೆಯ ಫಿಲ್ಟರ್

2.5 ಲೀಟರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಟರ್ಬೊ ಇಲ್ಲದೆಯೇ, ನಿಮಿಷಕ್ಕೆ 3,000 ಲೀಟರಿಗೂ ಹೆಚ್ಚು ಗಾಳಿ ಸೇವಿಸುತ್ತದೆ. ಟರ್ಬೊ ಬಂದರೆ ಈ ಪ್ರಮಾಣ ಇನ್ನೂ ಏರುತ್ತದೆ. ಎಚ್.ಡಿ. ಕೋಟೆಯ ಬೇಸಿಗೆಯ ಹಳ್ಳಿರಸ್ತೆಗಳ ಕೆಮ್ಮಣ್ಣಿನ ಧೂಳು ಆ ವೇಗದಲ್ಲಿ ಟರ್ಬೊ ರೆಕ್ಕೆಗೆ ಬಡಿದರೆ ಮರಳುಕಾಗದದಿಂದ ಉಜ್ಜಿದಂತೆ.

ಹಳೆಯ ಜೀಪುಗಳ ಆಯಿಲ್ ಬಾತ್ ಏರ್ ಕ್ಲೀನರ್ ವಿಶೇಷ ಎಚ್ಚರ ಬೇಡುತ್ತದೆ. ಅದರ ತಳದಲ್ಲಿ ನಿಂತ ಆಯಿಲ್ ಧೂಳನ್ನು ಹಿಡಿಯುವ ಈ ವಿಧಾನ ನಿಧಾನ ಗಾಳಿಗೆ ಹೇಳಿಮಾಡಿಸಿದ್ದು. ಟರ್ಬೊದ ಸೆಳೆತಕ್ಕೆ ಆ ಆಯಿಲ್ಲೇ ಮೇಲೆದ್ದು ಎಂಜಿನ್ನಿಗೆ ಹೋಗಬಹುದು. ಹೆಚ್ಚಿನ ಸಾಮರ್ಥ್ಯದ ಒಣ ಕಾಗದದ ಫಿಲ್ಟರಿಗೆ ಬದಲಾಯಿಸುವುದು ಸೂಕ್ತ.

ಕೀಲಿ ತೆಗೆದರೂ ಎಂಜಿನ್ ನಿಲ್ಲದಿದ್ದರೆ

ಟರ್ಬೊ ಕೂರಿಸಿದ ಹಳೆಯ ಡೀಸೆಲ್ ಗಾಡಿಯಲ್ಲಿ ಸಂಭವಿಸಬಹುದಾದ ಅತಿ ಭಯಾನಕ ಘಟನೆ ಇದು. ಟರ್ಬೊದಿಂದಲೋ ಬ್ರೀದರಿನಿಂದಲೋ ಏರ್ ಕ್ಲೀನರಿನಿಂದಲೋ ಬಂದ ಆಯಿಲನ್ನೇ ಇಂಧನವಾಗಿಸಿಕೊಂಡು ಎಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಕೀಲಿ ತೆಗೆದರೂ, ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ದಟ್ಟ ಹೊಗೆ ಆವರಿಸುತ್ತದೆ. ಚಾಲಕ ಗಾಬರಿಯಿಂದ ನ್ಯೂಟ್ರಲ್‌ಗೆ ತಂದರೆ ವೇಗ ಇನ್ನೂ ಹೆಚ್ಚಿ ಎಂಜಿನ್ ಸಿಡಿಯಬಹುದು.

ಇಂಥ ಸಂದರ್ಭದಲ್ಲಿ ಬ್ರೇಕನ್ನು ಪೂರ್ಣ ಒತ್ತಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅತಿ ಎತ್ತರದ ಗೇರಿಗೆ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಡಬೇಕು. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಅದು ಸಾಧ್ಯವಾಗದಿದ್ದರೆ, ಗಾಳಿ ಒಳಹೋಗುವ ಬಾಯನ್ನು ಗಟ್ಟಿ ಹಲಗೆಯಿಂದ ಮುಚ್ಚಬಹುದು. ಕೈಯನ್ನಾಗಲೀ ಬಟ್ಟೆಯನ್ನಾಗಲೀ ಒಡ್ಡಲೇಬಾರದು. ಎರಡೂ ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಸರಿಯುವುದೇ ಜಾಣತನ. ಟರ್ಬೊ ಇರುವ ಗಾಡಿ ಓಡಿಸುವ ಪ್ರತಿ ಚಾಲಕನೂ ಇದನ್ನು ಮೊದಲೇ ಅರಿತಿರಬೇಕು. ಆ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ.

ಬೆಂಕಿಯ ಭೀತಿಯೂ ಕಡೆಗಣಿಸುವಂಥದಲ್ಲ. ಏರು ಹತ್ತಿದ ಗಾಡಿಯ ಟರ್ಬೊ ಕವಚ ಕೆಂಡದಂತಿರುತ್ತದೆ. ಅದರ ಮೇಲೆ ಆಯಿಲ್ ಅಥವಾ ಡೀಸೆಲ್ ತೊಟ್ಟಿಕ್ಕಿದರೆ ಹೊತ್ತಿಕೊಳ್ಳಲು ಕಿಡಿ ಬೇಕಿಲ್ಲ. ಬೇಸಿಗೆಯಲ್ಲಿ ಕಾಡಿನಂಚಿನ ಒಣಹುಲ್ಲಿನ ಮೇಲೆ ಇಂಥ ಗಾಡಿ ನಿಲ್ಲಿಸಬಾರದು. ಟರ್ಬೊ ಮತ್ತು ಪೈಪುಗಳ ನಡುವೆ ತಗಡಿನ ತಡೆ, ಗಾಡಿಯೊಳಗೆ ಬೆಂಕಿ ನಂದಿಸುವ ಸಿಲಿಂಡರ್ ಇರಲೇಬೇಕು.

ಕ್ಲಚ್, ಬ್ರೇಕ್, ರೇಡಿಯೇಟರ್

ಎಂಜಿನ್ ವೇಗ ಏರಿದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂಲ ಎಂಜಿನ್ನಿನ ಬಲಕ್ಕೆ ಲೆಕ್ಕ ಹಾಕಿದ ಪ್ಲೇಟು ಹೆಚ್ಚುವರಿ ಬಲ ತಾಳದು. ಗೇರ್ ಬಾಕ್ಸ್ ಮತ್ತು ಹಿಂದಿನ ಹೌಸಿಂಗ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ರೇಡಿಯೇಟರನ್ನು ಒಳಗಿನಿಂದ ಶುಚಿಗೊಳಿಸದೆ, ಫ್ಯಾನ್ ಬೆಲ್ಟ್ ನೋಡದೆ ಟರ್ಬೊ ಕೂರಿಸಿದರೆ ಮೊದಲ ಏರಿನಲ್ಲೇ ನೀರು ಕುದಿಯುತ್ತದೆ. ಇನ್ನು ಬ್ರೇಕ್: ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಳೆಯ ಜೀಪು ಗಂಟೆಗೆ 60 ಕಿ.ಮೀ. ವೇಗಕ್ಕೆ ತಕ್ಕುದಾಗಿದ್ದರೆ, ಎಂಜಿನ್ನಿನ ಬಲದಿಂದ 90ಕ್ಕೆ ಏರಿಸುವುದು ಜಾಣತನವಲ್ಲ. ಏರು ಹತ್ತುವ ಶಕ್ತಿ ಪಡೆದ ಗಾಡಿ ಇಳಿಜಾರಿನಲ್ಲಿ ನಿಲ್ಲುವ ಶಕ್ತಿಯನ್ನೂ ಪಡೆದಿರಬೇಕು.

ದೋಷ ಹುಡುಕುವ ಕ್ರಮ

ಸಂಕ್ಷೇಪವಾಗಿ ಹೇಳುವುದಾದರೆ, ತೊಂದರೆ ಏನೇ ಇರಲಿ, ಪರೀಕ್ಷೆ ಈ ಕ್ರಮದಲ್ಲಿ ಸಾಗಬೇಕು:

1. ಆಯಿಲ್ ಮಟ್ಟ, ಆಯಿಲ್ ಒತ್ತಡ, ಬ್ರೀದರ್.
2. ಏರ್ ಫಿಲ್ಟರ್ ಹಾಗೂ ಹೋಸ್, ಕ್ಲಾಂಪ್‌ಗಳ ಸೋರಿಕೆ.
3. ಆಯಿಲ್ ಇಳಿಯುವ ಪೈಪಿನ ದಪ್ಪ ಮತ್ತು ಇಳಿಜಾರು.
4. ಬೂಸ್ಟ್ ಗೇಜ್ ಮತ್ತು ವೇಸ್ಟ್‌ಗೇಟ್.
5. ಹೊಗೆಯ ಉಷ್ಣಾಂಶ, ಪಂಪಿನ ಕ್ಯಾಲಿಬ್ರೇಷನ್, ನಾಝಲ್.
6. ಕಂಪ್ರೆಷನ್ ಮತ್ತು ಹೆಡ್ ಗ್ಯಾಸ್ಕೆಟ್.
7. ಎಲ್ಲಕ್ಕೂ ಕೊನೆಯಲ್ಲಿ ಟರ್ಬೊದ ದಂಡ, ರೆಕ್ಕೆ ಮತ್ತು ಸೀಲು.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಗಾಡಿ ಓಡಿಸಿ ನೋಡಿ, ಬರೆದಿಟ್ಟುಕೊಳ್ಳಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದೆ, ಮುಂದಿನ ಸಲ ಮತ್ತೆ ನಾಲ್ಕಕ್ಕೂ ಹಣ ತೆರಬೇಕಾಗುತ್ತದೆ.

ಬಹಳಷ್ಟು ಹಳೆಯ ಗಾಡಿಗಳ ಎಳೆತ ಕುಗ್ಗಿರುವುದು ಟರ್ಬೊ ಇಲ್ಲದ್ದರಿಂದಲ್ಲ. ಕಟ್ಟಿದ ಫಿಲ್ಟರ್, ಸವೆದ ನಾಝಲ್, ತಪ್ಪಿದ ಟೈಮಿಂಗ್, ಬಿಗಿದುಕೊಂಡ ಬ್ರೇಕ್ ಶೂಗಳಿಂದ. ಮೇಲಿನ ಪಟ್ಟಿಯ ಮೊದಲ ಕೆಲವು ಪರೀಕ್ಷೆಗಳನ್ನು ಟರ್ಬೊ ಕೊಳ್ಳುವ ಮೊದಲೇ ಮಾಡಿಸಿದರೆ ಟರ್ಬೊ ಬೇಕೆಂಬ ಬಯಕೆಯೇ ಇಲ್ಲವಾದೀತು. ಆ ಬಳಿಕವೂ ಬಲ ಸಾಲದೆಂದರೆ, ಕಾರ್ಖಾನೆಯಿಂದಲೇ ಟರ್ಬೊ ಪಡೆದು ಬಂದ ಬಳಸಿದ ಗಾಡಿಯೊಂದನ್ನು ಕೊಳ್ಳುವುದು ಹಲವರ ಪಾಲಿಗೆ ಲೆಕ್ಕಕ್ಕೆ ಸರಿಹೋಗುವ ದಾರಿ. ಕಾಕನಕೋಟೆಯ ಕಾಡನ್ನು ಸಂಜೆ 6ರೊಳಗೆ ದಾಟಬೇಕಾದವರಿಗೆ ವೇಗಕ್ಕಿಂತ ನಂಬಿಕೆಗೆ ಅರ್ಹವಾದ ಗಾಡಿ ಮುಖ್ಯ.